‘ಸಾಕು’ ಎನ್ನುವವನು

ಸಂಸಾರದಲ್ಲಿ ಏನು ಕೆಟ್ಟರೂ ದೂರು ಮೊದಲು ಬಡಪಾಯಿಯ ಮೇಲೆ ಬೀಳುವುದು ವಾಡಿಕೆ. ಮೋಟಾರು ಗಾಡಿಯ ಸಂಸಾರದಲ್ಲಿ ಆ ಬಡಪಾಯಿ ಬ್ಯಾಟರಿ.

ಬೂದಿಗೆರೆಯ ರಸ್ತೆಬದಿಯ ಅಂಗಡಿಯೊಂದಕ್ಕೆ ಒಂದು ಮುಂಜಾನೆ ಹಳೆಯ ಟ್ಯಾಕ್ಸಿಯೊಂದು ಬಂದು ನಿಂತಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ದಾರಿಗೆ ಇರುಳೆಂಬುದೇ ಇಲ್ಲವಾಗಿದೆ. ಆ ತರುಣ ಚಾಲಕನ ಮನೆಖರ್ಚು, ಸಾಲದ ಕಂತು ಎರಡೂ ಇರುಳಿನ ಬಾಡಿಗೆಯನ್ನೇ ನಂಬಿದ್ದವು. ವರ್ಷದೊಳಗೆ ಎರಡು ಬ್ಯಾಟರಿ ಸತ್ತು, ಮೂರನೆಯದೂ ಸೊರಗತೊಡಗಿತ್ತು. ಹೆಂಡತಿಯ ಓಲೆಯನ್ನು ಅಡವಿಟ್ಟು ಹಣ ತಂದಿದ್ದನು.

“ಇನ್ನೊಂದು ಹೊಸ ಬ್ಯಾಟ್ರಿ ಹಾಕ್ಬಿಡಿ, ಅಣ್ಣಾ.”

ಹಿರಿಯ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ ನೋಡಿದನು. ಬ್ಯಾಟರಿಯ ನೀರು ಬಹಳ ಇಳಿದಿತ್ತು. ದೀಪದ ಬಲ್ಬುಗಳೂ ಮೇಲಿಂದ ಮೇಲೆ ಸುಡುತ್ತಿದ್ದುದನ್ನು ಕೇಳಿ ತಿಳಿದುಕೊಂಡನು.

“ಇದಕ್ಕೆ ಹಸಿವಲ್ಲಪ್ಪ, ಅಜೀರ್ಣ!”

ಆಲ್ಟರ್ನೇಟರು ಎಂಜಿನ್ನಿನ ವೇಗ ಏರಿದಂತೆ ವೋಲ್ಟನ್ನೂ ಏರಿಸಲು ಹವಣಿಸುವ ಯಂತ್ರ. ಅದರ ಬೆನ್ನಿಗಿರುವ ಪುಟ್ಟ ರೆಗ್ಯುಲೇಟರು, ಒಳಗೆ ತಿರುಗುವ ಸುರುಳಿಯ ವಿದ್ಯುತ್ತನ್ನು ತಗ್ಗಿಸಿ, ‘ಸಾಕು’ ಎನ್ನಬೇಕು.

“ಎಂಜಿನ್ ಓಡ್ತಿರುವಾಗ ಬ್ಯಾಟ್ರಿ ವೈರು ಕಿತ್ತು ನೋಡೋಣ್ವಾ?” ಎಂದನು ಚಾಲಕ.

“ಅದು ಡೈನಮೋ ಕಾಲದ ಚಾಳಿ. ಈಗ ಹಾಗೆ ಮಾಡಿದ್ರೆ ಡಯೋಡುಗಳೇ ಸುಟ್ಟು ಹೋದಾವು.”

ಮೀಟರನ್ನು ಇಪ್ಪತ್ತು ವೋಲ್ಟಿನ ಡಿ.ಸಿ.ಗೆ ತಿರುಗಿಸಿ, ಕೆಂಪು ಮೊನೆಯನ್ನು ಪ್ಲಸ್ಸಿಗೂ ಕಪ್ಪನ್ನು ಮೈನಸ್ಸಿಗೂ ಮುಟ್ಟಿಸಿದನು. ಎಂಜಿನ್ ನಿಂತಿದ್ದಾಗ 12.4. ಚಾಲೂ ಮಾಡಿದಾಗ 14.1. ಚಾಲಕನ ಮುಖ ಅರಳಿತು. “ಈಗ ಕಾಲೊತ್ತು” ಎಂದನು ಹಿರಿಯ. ವೇಗದೊಡನೆ ಅಂಕೆಯೂ 15 ದಾಟಿ 16ರ ಮೇಲೇರಿತು. ಇಂಥ ಹಳೆಯ ಗಾಡಿಯಲ್ಲಿ ಅದು ಸುಮಾರು 13.8ರಿಂದ 14.5ರೊಳಗೇ ನಿಲ್ಲಬೇಕು. ನಿಧಾನವಾಗಿ ಓಡುವಾಗ ಅಡಗಿದ್ದ ಕಳ್ಳ ವೇಗದಲ್ಲಿ ಸಿಕ್ಕಿಬಿದ್ದಿದ್ದನು.

ಆದರೂ ಹಿರಿಯನು ಅವಸರಪಡಲಿಲ್ಲ. ಬ್ಯಾಟರಿಯ ಸುದ್ದಿಯನ್ನು ರೆಗ್ಯುಲೇಟರಿಗೆ ಮುಟ್ಟಿಸುವ ತಂತಿಯನ್ನೂ ಅರ್ಥ್ ಜೋಡಣೆಯನ್ನೂ ಅಳೆದನು. ಎರಡೂ ಸರಿಯಾಗಿದ್ದವು. ಆಮೇಲೆಯೇ ರೆಗ್ಯುಲೇಟರನ್ನು ಬದಲಿಸಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಮತ್ತೆ ಎಂಜಿನ್ನಿನ ವೇಗ ಏರಿಸಿದನು. ದೀಪ ಹೊತ್ತಿಸಿದರೂ ಆರಿಸಿದರೂ ಅಂಕೆ 14.2ರ ಆಸುಪಾಸಿನಲ್ಲಿಯೇ ನಿಂತಿತು.

“ಇದೇ ಬ್ಯಾಟ್ರೀಲಿ ಸ್ವಲ್ಪ ದಿನ ಓಡ್ಸಿ ನೋಡು. ಮೊದಲು ಓಲೆ ಬಿಡಿಸ್ಕೊಂಡು ಬಾ.”

ಚಾಲಕನು ಉಳಿದ ಹಣವನ್ನು ಜೇಬಿಗೆ ಸೇರಿಸಿಕೊಂಡು ಹೊರಟನು. ಅಳೆಯುವ ಮೊದಲೇ ದೂರು ಹೊತ್ತ ಎರಡು ಬ್ಯಾಟರಿಗಳು ಮಾತ್ರ ಅಂಗಡಿಯ ಮೂಲೆಯಲ್ಲಿ ಗುಜರಿಯವನ ದಾರಿ ಕಾಯುತ್ತಿದ್ದವು.