ಇಳಿಯುವ ಹೊತ್ತು

ಕಲಬುರಗಿ ಸೀಮೆಯ ಮಕ್ಕಳಿಗೆ ಬೆಟ್ಟವೆಂದರೆ ಪಠ್ಯಪುಸ್ತಕದ ಚಿತ್ರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ಕಣ್ಣಿಗೆ ಬೀಳುವುದು ತೊಗರಿ ಹೊಲ, ಫರಸಿ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ. ಚಿಂಚೋಳಿ ದಾಟಿದರೆ ಮಾತು ಬೇರೆ. ಚಂದ್ರಂಪಳ್ಳಿ ಜಲಾಶಯದ ಸುತ್ತ, ಗೊಟ್ಟಂಗೊಟ್ಟದ ಕಡೆ, ಕಾಡು ಹೊದ್ದ ಗುಡ್ಡಗಳು ಏಳುತ್ತವೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಈ ಕಾಡಿನ ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬಗಳಿರುವ ನೆಲ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಮುಧೋಳದ ಒಂಬತ್ತನೆಯ ತರಗತಿಯ ಮಕ್ಕಳು ಅಲ್ಲಿಗೆ ಹೊರಟರು. ಪಾಲಕರ ಪರವಾಗಿ ಜೊತೆಗಿದ್ದವರು ಫರಸಿ ಗಣಿಯಲ್ಲಿ ದುಡಿಯುವ ಒಬ್ಬ ತಂದೆ. ಮಗಳೊಬ್ಬಳನ್ನೇ ಕಳಿಸಲು ಮನೆಯಲ್ಲಿ ಒಪ್ಪಿರಲಿಲ್ಲ. ಏಳಕ್ಕೆ ಬಿಡಬೇಕಿದ್ದ ಬಸ್ಸು ಉಪ್ಪಿಟ್ಟು ಮುಗಿದು ಹೊರಟಾಗ ಒಂಬತ್ತೂವರೆ. ಶಾಲಾ ಪ್ರವಾಸಗಳಲ್ಲಿ ತಿಂಡಿಯ ಲೆಕ್ಕ ತಪ್ಪುವುದಿಲ್ಲ, ಹೊತ್ತಿನ ಲೆಕ್ಕ ತಪ್ಪುತ್ತದೆ.

ಕಾರ್ತೀಕ ಮಾಸ ಗುಡ್ಡ ಹತ್ತಲು ಹೇಳಿ ಮಾಡಿಸಿದ ಕಾಲವೆಂದು ಅನ್ನಿಸುವುದು ಸಹಜ. ಮುಂಗಾರು ಅಕ್ಟೋಬರ್ ಮಧ್ಯದ ಹೊತ್ತಿಗೆ ಹಿಂದೆ ಸರಿದಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಹಳ್ಳದಲ್ಲಿ ಇನ್ನೂ ನೀರಿರುತ್ತದೆ. ಮೋಸವೆಲ್ಲ ಕಾಲಡಿ. ಮಳೆ ನುಣ್ಣನೆಯ ಮಣ್ಣನ್ನು ತೊಳೆದೊಯ್ದು ಕೆಂಪು ಗರಸನ್ನಷ್ಟೇ ಬಿಟ್ಟಿರುತ್ತದೆ. ಅದರ ಮೇಲೆ ಕಾಲಿಡುವುದೆಂದರೆ ಫರಸಿ ನೆಲದ ಮೇಲೆ ಜೋಳ ಚೆಲ್ಲಿ ನಡೆದಂತೆ. ಹಳ್ಳದ ದಂಡೆಯ ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಇನ್ನೂ ಹಸಿ. ಮೊಣಕಾಲೆತ್ತರ ಬೆಳೆದ ಹುಲ್ಲು ದಾರಿಯ ಮೇಲೆ ಬಾಗಿ ಗುಂಡಿಗಳನ್ನೆಲ್ಲ ಮುಚ್ಚಿರುತ್ತದೆ. ಊರಿನ ಆಕಾಶ ತಿಳಿಯಾಗಿದೆಯೆಂದು ನಂಬುವಂತೆಯೂ ಇಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಬಂದು ಕಾಗಿಣಾ ನದಿಯನ್ನು ಉಕ್ಕಿಸಿತ್ತು.

ಗಣಿಯಲ್ಲಿ ಸುತ್ತಿಗೆಯಿಂದ ಬಡಿದು ಕಲ್ಲು ಗಟ್ಟಿಯೋ ಪೊಳ್ಳೋ ಎಂದು ಕಿವಿಯಿಂದ ತಿಳಿಯುವ ಮನುಷ್ಯ ಆ ತಂದೆ. ದಾರಿಯುದ್ದಕ್ಕೂ ಕೋಲಿನಿಂದ ಹುಲ್ಲು ಸರಿಸಿ, ನೆಲ ಕುಟ್ಟುತ್ತ ಮುಂದೆ ನಡೆದರು. ಮಧ್ಯಾಹ್ನ ಮೂರಕ್ಕೆ ನೆತ್ತಿ ಎದುರಿಗೇ ಕಂಡಿತು. ಅವರು ನಿಂತುಬಿಟ್ಟರು.

“ಅಪ್ಪಾ, ಇಷ್ಟೇ ಅದ. ಹತ್ತು ನಿಮಿಷ.”

“ಹತ್ತು ನಿಮಿಷ ಹತ್ಲಾಕ ಆತವ್ವಾ. ಇಳಿಲಾಕ?”

ನವೆಂಬರಿನಲ್ಲಿ ಇಲ್ಲಿ 5.45ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಗುಡ್ಡದ ಸಂದಿನಲ್ಲಿ ಅದಕ್ಕೂ ಮುಂಚೆಯೇ ನೆರಳು ಕವಿಯುತ್ತದೆ. ಮೇಷ್ಟ್ರು ಗಡಿಯಾರ ನೋಡಿಕೊಂಡು ಆ ತಂದೆಯ ಮಾತಿಗೇ ಹೂಂ ಎಂದರು. ಮಕ್ಕಳು ಗೊಣಗಿದರು. ಎಲ್ಲರೆದುರು ಅಪ್ಪನಿಂದಲೇ ಹೀಗಾಯಿತಲ್ಲ ಎಂದು ಮಗಳು ಮಾತು ಬಿಟ್ಟಳು.

ಹತ್ತುವಾಗ ಒಂದೂವರೆ ತಾಸು ಹಿಡಿದ ದಾರಿ ಇಳಿಯುವಾಗ ಎರಡೂವರೆ ತಾಸು ತಿಂದಿತು. ಪಾದ ಅಡ್ಡ ಇಡಬೇಕು, ಮೊಣಕಾಲು ಸಡಿಲ ಬಿಡಬೇಕು, ಹುಲ್ಲು ಹಿಡಿದು ತೂಗಬಾರದು, ಉರುಳಿದ ಕಲ್ಲು ಕೆಳಗಿನವರಿಗೆ ಬಡಿಯದಷ್ಟು ಅಂತರವಿರಬೇಕು. ಅಪ್ಪ ಇದನ್ನೇ ಹೇಳುತ್ತ ಬಂದರು. ಅರ್ಧ ದಾರಿಯಲ್ಲಿ ಗರಸು ಜಾರಿ ಮಗಳೇ ಕುಸಿದು ಕುಳಿತಳು. ಮೊಣಕೈ ತರಚಿತು. ಮಳೆನೀರು ಕೊರೆದ ಕೊರಕಲು ಅವಳ ಕಾಲಿನಿಂದ ಒಂದು ಮಾರು ದೂರದಲ್ಲಿತ್ತು. ಬೆಳಕಿತ್ತು, ಕಂಡಿತು. ಅಪ್ಪ ಏನೂ ಅನ್ನದೆ ಕೋಲು ಚಾಚಿದರು. ಅವಳು ಹಿಡಿದು ಎದ್ದಳು.

ಬಸ್ಸಿನಲ್ಲಿ ಕಾಲುಚೀಲಕ್ಕೆ ಚುಚ್ಚಿಕೊಂಡ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತ ಕುಳಿತಿದ್ದವಳು ಸೇಡಂ ಬಂದಾಗ ಕೇಳಿದಳು: “ಡಿಸೆಂಬರಿನ್ಯಾಗ ಹುಲ್ಲು ಒಣಗಿರ್ತದೇನು?”

“ಒಣಗಿರ್ತದ. ಹಗಲು ಇನ್ನೂ ಸಣ್ಣದಿರ್ತದ. ನಸುಕಿನ್ಯಾಗೇ ಬಿಡಬೇಕು” ಎಂದ ಅಪ್ಪ, ಅವಳ ಇನ್ನೊಂದು ಕಾಲುಚೀಲವನ್ನು ಎತ್ತಿಕೊಂಡು ಮುಳ್ಳು ಕೀಳತೊಡಗಿದರು.