ನಾಯಿಯ ಹೊಟ್ಟೆಯೂ ತುಪ್ಪದ ಗಾದೆಯೂ

ನಾಯಿಯ ಹೊಟ್ಟೆಗೆ ತುಪ್ಪ ಹಿಡಿಯದೆಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಅಲ್ಪನಿಗೆ ಉತ್ತಮವಾದುದು ಸಲ್ಲದೆಂದು ಹೇಳುವುದಕ್ಕೆ ಜನರು ಇದನ್ನು ಬಳಸುವರು. ಗಾದೆಯೊಳಗಿನ ಸಂಗತಿಯೇನೋ ನಿಜವೇ. ಆದರೆ ಅದಕ್ಕೆ ನಾಯಿಯ ಹೀನತ್ವವನ್ನು ಕಾರಣವಾಗಿ ಎಣಿಸುವುದು ನ್ಯಾಯವಲ್ಲ. ದೋಷವು ಉಂಡ ಪ್ರಾಣಿಯದಲ್ಲ, ಉಣಿಸಿದವರದು.

ಹಳ್ಳಿಯಲ್ಲಿ ರಾಗಿಯ ಅಂಬಲಿಯನ್ನೂ ಮಜ್ಜಿಗೆಯನ್ನವನ್ನೂ ಉಂಡು ಬೆಳೆದ ಮರಿಯೊಂದು ಪಟ್ಟಣದ ಮನೆಗೆ ಬರುವುದು. ಮನೆಯವರಿಗೆಲ್ಲ ಹಬ್ಬ. ಒಬ್ಬರು ಹಾಲೆರೆಯುವರು, ಇನ್ನೊಬ್ಬರು ಅಂಗಡಿಯಿಂದ ಒಣ ಆಹಾರದ ಚೀಲವನ್ನು ತಂದು ಬಟ್ಟಲು ತುಂಬುವರು, ಮತ್ತೊಬ್ಬರು ಮಾಂಸದ ಕೊಬ್ಬನ್ನು ಹಾಕುವರು. ಮರಿಯು ಯಾವುದನ್ನೂ ಬೇಡವೆನ್ನದು. ಮರುದಿನ ವಾಂತಿ, ಭೇದಿ. ಆಗ ಮರಿಯೇ ರೋಗಿಷ್ಠವೆಂದು ಬೀದಿಗೆ ಬಿಡುವವರೂ ಉಂಟು.

ಇದರ ಕಾರಣವು ಸ್ಪಷ್ಟವಾಗಿದೆ. ಕರುಳಿನಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ದಿನವೂ ಬರುವ ಆಹಾರಕ್ಕೆ ಒಗ್ಗಿಕೊಂಡಿರುತ್ತವೆ. ಆಹಾರವು ಒಮ್ಮೆಗೇ ಬದಲಾದರೆ ಜೀರ್ಣವಾಗದೆ ಉಳಿದ ಭಾಗವು ಕರುಳಿನಲ್ಲಿ ಹುದುಗೆದ್ದು ನೀರನ್ನು ಸೆಳೆದುಕೊಳ್ಳುವುದು. ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಕರಗಿಸುವ ಶಕ್ತಿಯು ನಾಯಿಗಳಲ್ಲಿ ಕುಗ್ಗುತ್ತದೆ. ಒಮ್ಮೆಗೇ ಮಿತಿಮೀರಿ ಕೊಟ್ಟ ಕೊಬ್ಬಾದರೋ ಮೇದೋಜೀರಕಗ್ರಂಥಿಗೆ ಉರಿಯೂತವನ್ನು ತಂದು ಪ್ರಾಣಕ್ಕೇ ಮುಳುವಾಗಬಹುದು.

ಹಾಗೆಂದು ನಾಯಿಯು ಹೊಸತನ್ನು ಅರಗಿಸಿಕೊಳ್ಳಲಾರದ ಪ್ರಾಣಿಯಲ್ಲ. ತೋಳದಲ್ಲಿ ಗಂಜಿಯಂಶವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು 2 ಮಾತ್ರ ಇರುವಲ್ಲಿ, ನಾಯಿಯಲ್ಲಿ 4ರಿಂದ 30ರವರೆಗೆ ಇರುವುದನ್ನು ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಅವರ ಸಂಗಡಿಗರೂ 2013ರಲ್ಲಿ ಪ್ರಕಟಿಸಿದರು. ಮನುಷ್ಯನ ಒಲೆಯ ಬಳಿ ಬಾಳಿದ ಪ್ರಾಣಿಯು ಅವನ ಅನ್ನಕ್ಕೂ ಒಗ್ಗಿಕೊಂಡಿತು. ಆದರೆ ಅದು ಸಹಸ್ರಾರು ವರ್ಷಗಳ ಕಾರ್ಯ, ಒಂದು ರಾತ್ರಿಯದಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಇದಕ್ಕೆ ಒಪ್ಪುವ ಉಪದೇಶವೊಂದಿದೆ. ಅಭ್ಯಾಸವಾದುದು ಅಹಿತವೇ ಆಗಿದ್ದರೂ ಅದನ್ನು ಕಾಲುಭಾಗ ಕಾಲುಭಾಗವಾಗಿ ಬಿಡಬೇಕು; ಹಿತವಾದುದನ್ನೂ ಅದೇ ಕ್ರಮದಿಂದ ಹಿಡಿಯಬೇಕು. ಆಚಾರ್ಯನು ಇದನ್ನು ಹೇಳಿದ್ದು ಮನುಷ್ಯರಿಗೆ. ಇಂದಿನ ಪಶುವೈದ್ಯರು ನಾಯಿಗೆ ವಿಧಿಸುವುದೂ ಹೆಚ್ಚುಕಡಿಮೆ ಇದೇ ಕ್ರಮ. ಮೊದಲ ಎರಡು ಮೂರು ದಿನ ಹಳೆಯ ಆಹಾರ ಮುಕ್ಕಾಲು, ಹೊಸತು ಕಾಲು, ಆಮೇಲೆ ಅರ್ಧಾರ್ಧ, ಅನಂತರ ಹೊಸತು ಮುಕ್ಕಾಲು, 7ರಿಂದ 10 ದಿನಗಳಲ್ಲಿ ಪೂರ್ತಿ. ನಡುವೆ ಮಲವು ಸಡಿಲವಾದರೆ ಹಿಂದಿನ ಮೆಟ್ಟಿಲಿಗೆ ಇಳಿಯತಕ್ಕದ್ದು.

ಆದರೆ ಭೇದಿಯೆಲ್ಲವೂ ಆಹಾರದಿಂದಲೇ ಎಂದು ನೆಚ್ಚಿ ಕುಳಿತಿರಲಾಗದು. ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದೆ ಪ್ರಾಣಿಯು ಸೊರಗಿ ಮಲಗಿದರೆ ಪಶುವೈದ್ಯರಲ್ಲಿಗೆ ಒಡನೆ ಒಯ್ಯಬೇಕು. ಲಸಿಕೆ ಹಾಕಿಸದ ಮರಿಗಳಿಗೆ ಪಾರ್ವೊ ಎಂಬ ಘೋರವ್ಯಾಧಿಯು ಇದೇ ವೇಷದಲ್ಲಿ ಬರುವುದು. ಅಲ್ಲಿ ಒಂದು ದಿನದ ವಿಳಂಬವೂ ಮರಿಯನ್ನು ಕಳೆಯಬಹುದು. ಚಿಕ್ಕ ಮರಿಯನ್ನು ಉಪವಾಸ ಕೆಡಹುವುದೂ ಅಪಾಯವೇ.

ನಾಯಿಯು ಕೊಟ್ಟದ್ದನ್ನೆಲ್ಲ ಉಣ್ಣುವುದು. ಆದಕಾರಣ ಅಳತೆಯ ಹೊಣೆಯು ಕೊಡುವ ಕೈಯದು. ಹೊಸ ಚೀಲವನ್ನು ತರುವವರು ಹಳೆಯ ಅಂಬಲಿಯ ಗಡಿಗೆಯನ್ನು ಇನ್ನೊಂದು ವಾರ ಒಲೆಯ ಮೇಲೆ ಇಟ್ಟಿರಲಿ.