ನುಡಿ ಮತ್ತು ನುಡಿದವನು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಒಂದೇ ಶಿಲೆಯ ಮುಂಗಡೆ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನೂ ಹಿಂಗಡೆ ಪಶ್ಚಿಮಾಭಿಮುಖನಾಗಿ ನರಸಿಂಹನೂ ನೆಲಸಿರುವರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಎದುರಿಗೆ ನಿಂತ ಯಾತ್ರಿಕನಿಗೆ ನರಸಿಂಹನ ದರ್ಶನವಾಗುವುದು ಗರ್ಭಗೃಹದ ಹಿಂಬದಿಯಲ್ಲಿರಿಸಿದ ಕನ್ನಡಿಯಲ್ಲಿ. ನೀತಿವೈರಾಗ್ಯಗಳನ್ನು ಬೋಧಿಸುವ ಗ್ರಂಥಗಳನ್ನು ಓದುವವನ ಸ್ಥಿತಿಯೂ ಇಂತಹದೇ. ಕಣ್ಣೆದುರಿಗಿರುವುದು ನುಡಿ, ನುಡಿದವನ ಮುಖವು ಹಿಂಗಡೆ. ಅದನ್ನು ತೋರಿಸುವುದಕ್ಕಾಗಿ ಪರಂಪರೆಯು ಕಥೆಯೆಂಬ ಕನ್ನಡಿಯೊಂದನ್ನು ನಿಲ್ಲಿಸಿರುತ್ತದೆ. ಅದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದು?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪರಮಗೀತೆ, ಜ್ಞಾನೋಕ್ತಿಗಳು, ಪ್ರಸಂಗಿ ಎಂಬ ಮೂರು ಗ್ರಂಥಗಳನ್ನು ದಾವೀದನ ಮಗನಾದ ಸೊಲೊಮೋನ ರಾಜನಿಗೆ ಆರೋಪಿಸುವುದು ವಾಡಿಕೆ. ಮೊದಲನೆಯದು ಶೃಂಗಾರ, ಎರಡನೆಯದು ನೀತಿ, ಮೂರನೆಯದು ಎಲ್ಲವೂ ವ್ಯರ್ಥವೆಂಬ ವೈರಾಗ್ಯ. ಸ್ವಭಾವದಲ್ಲಿ ಇಷ್ಟು ಭಿನ್ನವಾದವು ಒಬ್ಬನ ಕೃತಿಗಳು ಹೇಗಾದಾವು? ಯೆಹೂದ್ಯ ಪಂಡಿತರು ಹಿಂದೆಯೇ ಇದಕ್ಕೆ ಸಮಾಧಾನ ಹೇಳಿದ್ದರು: ಯೌವನದಲ್ಲಿ ಪರಮಗೀತೆ, ನಡುವಯಸ್ಸಿನಲ್ಲಿ ಜ್ಞಾನೋಕ್ತಿ, ಮುಪ್ಪಿನಲ್ಲಿ ಪ್ರಸಂಗಿ. ಏಳುನೂರು ಮಂದಿ ರಾಣಿಯರನ್ನೂ ಮುನ್ನೂರು ಮಂದಿ ಉಪಪತ್ನಿಯರನ್ನೂ ಪಡೆದು, ಅವರ ದೇವತೆಗಳ ಕಡೆಗೆ ಮನವೊಲಿದು ತಪ್ಪಿ ನಡೆದವನ ಬಾಯಲ್ಲಿ ಕಡೆಗೆ ಬಂದ ಮಾತು ಪ್ರಸಂಗಿಯೆಂದು ಓದಿದರೆ, ಅದರ ಒಂದೊಂದು ವಾಕ್ಯವೂ ಪಶ್ಚಾತ್ತಾಪವಾಗಿ ಕೇಳುವುದು.

ಕಥೆ ಸೊಗಸಾಗಿದೆ, ಪ್ರಮಾಣವು ದುರ್ಬಲ. ಪ್ರಸಂಗಿಯಲ್ಲಿ ಸೊಲೊಮೋನನ ಹೆಸರೇ ಇಲ್ಲ. ಯೆರೂಸಲೇಮಿನ ಅರಸನೂ ದಾವೀದನ ಮಗನೂ ಆದವನೆಂದಷ್ಟೇ ಇದೆ. ಅದರಲ್ಲಿ ಪಾರಸಿಕ ಮೂಲದ ಶಬ್ದಗಳಿರುವುದರಿಂದ, ಆ ರಾಜನ ಕಾಲಕ್ಕೆ ಎಷ್ಟೋ ಶತಮಾನಗಳ ಈಚಿನದೆಂದು ವಿದ್ವಾಂಸರು ಎಣಿಸುತ್ತಾರೆ. ಜ್ಞಾನೋಕ್ತಿಗಳಲ್ಲಿಯೂ ಕೆಲವು ಅಧ್ಯಾಯಗಳನ್ನು ಹಿಜ್ಕೀಯ ರಾಜನ ಜನರು ಬರೆದಿಟ್ಟರೆಂದು ಗ್ರಂಥವೇ ಹೇಳುತ್ತದೆ. ಕೊನೆಯ ಎರಡು ಅಧ್ಯಾಯಗಳಿಗೆ ಆಗೂರ, ಲೆಮೂವೇಲ ಎಂಬ ಬೇರೆ ಹೆಸರುಗಳುಂಟು. ನುಡಿಯಿಂದ ಬಾಳನ್ನು ಕಲ್ಪಿಸಿ, ಆ ಬಾಳಿನಿಂದ ಮರಳಿ ನುಡಿಗೆ ಅರ್ಥ ಹೇಳುವುದು ತರ್ಕದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷ.

ನಮ್ಮಲ್ಲಿ ಭರ್ತೃಹರಿಯದೂ ಇದೇ ಗತಿ. ನೀತಿ, ಶೃಂಗಾರ, ವೈರಾಗ್ಯಗಳೆಂಬ ಶತಕತ್ರಯಕ್ಕೆ ರಾಜನೊಬ್ಬನ ಕಥೆ ಬೇಕಾಯಿತು. ದೀರ್ಘಾಯುಸ್ಸನ್ನು ಕೊಡುವ ಹಣ್ಣನ್ನು ಅವನು ರಾಣಿಗೆ ಕೊಟ್ಟನಂತೆ. ರಾಣಿ ತನ್ನ ಪ್ರಿಯನಿಗೆ, ಅವನು ವೇಶ್ಯೆಗೆ. ಅವಳ ಕೈಯಿಂದ ಅದು ಮರಳಿ ರಾಜನಿಗೇ ಬಂದು, ಅವನು ರಾಜ್ಯವನ್ನು ತೊರೆದನಂತೆ. 1948ರಲ್ಲಿ ದಾಮೋದರ ಧರ್ಮಾನಂದ ಕೋಸಂಬಿಯವರು ಹಸ್ತಪ್ರತಿಗಳನ್ನು ತುಲನೆಮಾಡಿ ಪ್ರಕಟಿಸಿದಾಗ, ನೆಚ್ಚತಕ್ಕ ಶ್ಲೋಕಗಳೆಂದು ಉಳಿದವು ಸುಮಾರು ಇನ್ನೂರು ಮಾತ್ರ. ಶತಕಗಳೇ ಹೀಗೆ ಬೆಳೆದಿರುವಾಗ ಹಣ್ಣಿನ ಕಥೆಯ ಮಾತೇನು!

ಆದರೂ ಕಥೆಯನ್ನು ಕಿತ್ತೆಸೆಯಲು ಓದುಗನ ಮನಸ್ಸು ಒಪ್ಪದು. ಇದಕ್ಕೆ ಕಾರಣವುಂಟು. ಮೀಮಾಂಸಕರು ವೇದವು ಅಪೌರುಷೇಯವೆಂದರು. ಪುರುಷನೇ ಇಲ್ಲದಿದ್ದರೆ ಪುರುಷದೋಷವೂ ಇಲ್ಲವೆಂಬುದು ಅವರ ಯುಕ್ತಿ. ಲೋಕಾನುಭವವನ್ನು ಹೇಳುವ ನುಡಿಗೆ ಈ ಯುಕ್ತಿ ಸಲ್ಲದು. ಅಲ್ಲಿ ಪುರುಷನೂ ಬೇಕು, ಅವನಲ್ಲಿ ದೋಷವೂ ಬೇಕು. ಉಣಲಿಲ್ಲದವನು ಭೋಗವು ವ್ಯರ್ಥವೆಂದರೆ ಜನರು ನಗುವರು. ಉಂಡು ಬೇಸತ್ತವನು ಹೇಳಿದರೆ ನಿಂತು ಕೇಳುವರು. ಸಿಂಹಾಸನವು ವೈರಾಗ್ಯಕ್ಕೆ ನಿಂತ ಹೊಣೆ. ಸರ್ವಜ್ಞನಿಗಾದರೋ ಪರಂಪರೆಯು ಕೊಟ್ಟಿರುವುದು ಭಿಕ್ಷಾಪಾತ್ರೆ. ಜಾತಿಯನ್ನೂ ಸಿರಿಯ ಸೊಕ್ಕನ್ನೂ ಹಳಿಯುವವನ ಕೈಯಲ್ಲಿ ಅದೇ ಹೊಣೆ.

ಆದರೆ ಈ ಹೊಣೆಗಾರನ ನೆವದಿಂದಲೇ ಓದುಗನು ತಪ್ಪಿಸಿಕೊಳ್ಳುವುದೂ ಉಂಟು. ಪ್ರಸಂಗಿಯು ಮುಪ್ಪಿನ ಕೃತಿಯೆಂದಾಗ ಯುವಕನು ಅದನ್ನು ತಲೆ ನರೆಯುವವರೆಗೆ ಮುಂದಕ್ಕೆ ಹಾಕುವನು. ನೀತಿವಂತನಿಗೂ ದುಷ್ಟನಿಗೂ ಒಂದೇ ಗತಿಯೆಂಬ ಅದರ ಕಠೋರವಾದ ಮಾತು, ಮಗನನ್ನು ಕಳೆದುಕೊಂಡ ಮೂವತ್ತರ ತಾಯಿಗೆ ಇಂದೇ ಬೇಕಾದುದು. ಅದನ್ನು ಮುದುಕನ ಬೇಸರವೆಂದು ಕಟ್ಟಿಡುವುದು ಅನ್ಯಾಯ. ಭರ್ತೃಹರಿಯ ವೈರಾಗ್ಯವಂತೂ ಹಣ್ಣಿನ ಕಥೆಯಿಂದ ವಂಚಿತನಾದ ಗಂಡನೊಬ್ಬನ ಮುನಿಸಾಗಿ ಕಿರಿದಾಗುತ್ತದೆ.

ಸರ್ವಜ್ಞನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮಾಸೂರಿನ ಬ್ರಾಹ್ಮಣ ಬಸವರಸನಿಗೂ ಕುಂಬಾರರ ಮಾಳಿಗೂ ಹುಟ್ಟಿದವನು ಅವನೆಂಬ ಕಥೆಯನ್ನು ಹಿಡಿದು ಓದಿದರೆ, ಕುಲದ ಹಮ್ಮಿನ ಮೇಲೆ ಅವನಾಡಿದ ನುಡಿಯೆಲ್ಲ ಅವನ ಸ್ವಂತ ನೋವಾಗಿಬಿಡುತ್ತದೆ. ಕೇಳುವವನು ತನಗಲ್ಲವೆಂದು ಸುಮ್ಮನಿರಬಹುದು. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಎರಡು ಸಾವಿರದಷ್ಟು ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಸೊಲೊಮೋನನನ್ನು ಧರ್ಮಗ್ರಂಥದಲ್ಲಿ ಓದಿದವರ ಕೈಯಿಂದಲೇ ಸರ್ವಜ್ಞನು ನಾಡಿಗೆ ಈ ರೀತಿ ಒಟ್ಟಾಗಿ ದೊರೆತದ್ದು ಸಣ್ಣ ಸಂಗತಿಯಲ್ಲ. ಆ ತ್ರಿಪದಿಗಳಲ್ಲಿ ಎಷ್ಟೋ ಪ್ರಕ್ಷಿಪ್ತಗಳೆಂದು ಪಂಡಿತರ ಮತ. ಘಾಟಿಯ ದನದ ಜಾತ್ರೆಯಂತಹ ಕಡೆ ಚೌಕಾಸಿಯ ನಡುವೆ ಸರ್ವಜ್ಞನ ಮಾತೊಂದನ್ನು ಎತ್ತಿ ಆಡುವ ರೈತನು ಮಾಸೂರಿನ ಕಥೆಯನ್ನು ಕೇಳಿಯೇ ಇರಬೇಕೆಂದಿಲ್ಲ. ಮಾತು ತನ್ನ ಕಾಲಮೇಲೆ ತಾನು ನಿಲ್ಲುತ್ತದೆ.

ಯೆಹೂದ್ಯರ ತಾಲ್ಮೂದಿನಲ್ಲಿ ಸೊಲೊಮೋನನಿಗೂ ಭಿಕ್ಷಾಪಾತ್ರೆಯನ್ನು ಹಿಡಿಸಿದ ಕಥೆಯೊಂದಿದೆ. ಅಷ್ಮೆದಾಯಿ ಎಂಬ ಪಿಶಾಚರಾಜನು ಅವನನ್ನು ದೂರಕ್ಕೆಸೆದು ಸಿಂಹಾಸನವನ್ನು ತಾನು ಏರಿದನಂತೆ. ತಾನು ಯೆರೂಸಲೇಮಿನಲ್ಲಿ ಅರಸನಾಗಿದ್ದ ಪ್ರಸಂಗಿಯೆಂದು ಹೇಳುತ್ತ ಅವನು ಮನೆಮನೆಯಲ್ಲಿ ಬೇಡುತ್ತ ಬಂದನಂತೆ. ಕಡೆಗೆ ನ್ಯಾಯಸಭೆಯ ಪಂಡಿತರ ಮುಂದೆ ನಿಂತಾಗ ಅವನಲ್ಲಿ ಉಂಗುರವಿಲ್ಲ, ಪರಿವಾರವಿಲ್ಲ. ಹುಚ್ಚನಾದವನು ಒಂದೇ ಮಾತನ್ನು ಹಿಡಿದು ನಿಲ್ಲುವುದಿಲ್ಲ, ಇದೇನಿರಬಹುದು ಎಂದು ಆ ಪಂಡಿತರು ವಿಚಾರಣೆಗೆ ತೊಡಗಿದರಂತೆ.